ಮಾನ್‌ಸ್ಟರ್‌ಗೆ ಅಡ್ಡ ಹಿಡಿದ ರಟ್ಟು

ಹೋದ ವಾರ ಹನ್ನೊಂದು ನಿಮಿಷದ ಒಂದು ವಿಡಿಯೋವನ್ನು ನಾಲ್ವರು ಗೆಳೆಯರಿಗೆ ತೋರಿಸಿದೆ. ಬೇರೆ ಬೇರೆ ಸಿನಿಮಾಗಳಿಂದ ಕತ್ತರಿಸಿ ಜೋಡಿಸಿದ ತುಣುಕುಗಳು. ಯಾವುದರ ಹೆಸರನ್ನೂ ಹೇಳಲಿಲ್ಲ. ಮುಗಿದ ಮೇಲೆ ಒಬ್ಬ, "ಆ ನಕ್ಷೆ ಸೀನ್ ಇದೆಯಲ್ಲ, ಅದರ ಪೂರ್ತಿ ಸಿನಿಮಾ ಕೊಡೋ" ಅಂದ. ಎರಡು ವರ್ಷದ ಹಿಂದೆ ನನ್ನ ಪಟ್ಟಿ ನೋಡಿ, "ಇದನ್ನೆಲ್ಲ ನೋಡೋ ಬದಲು ಗೋಡೆ ನೋಡ್ಕೊಂಡು ಕೂತ್ಕೋ" ಅಂದಿದ್ದವನೂ ಅವನೇ. ಹೆಸರು ಹೇಳಿದೆ. ‘ದಿ ಜೈಂಟ್ ಕ್ಲಾ’, 1957. ಕೆಟ್ಟ ಮಾನ್‌ಸ್ಟರ್ ಸಿನಿಮಾ ಅಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಅದು. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಕೆಟ್ಟ ಮಾನ್‌ಸ್ಟರ್ ಸಿನಿಮಾಗಳಲ್ಲಿ ಅಡಗಿರುವ ಒಳ್ಳೆಯ ತುಣುಕುಗಳನ್ನು ನಾನು ಹೇಗೆ ಹುಡುಕುತ್ತೇನೆ ಅಂತ.

ಮೊದಲು ನಾನು ಹಾಳು ಮಾಡಿಕೊಂಡಿದ್ದರ ಲೆಕ್ಕ. ಶುರುವಿನಲ್ಲಿ ಎಲ್ಲರ ಹಾಗೆ ಮಾನ್‌ಸ್ಟರ್ ಬರುವ ಜಾಗಕ್ಕೇ ಓಡಿಸಿಕೊಂಡು ಹೋಗುತ್ತಿದ್ದೆ. ಸುಮಾರು ಅರವತ್ತು ಸಿನಿಮಾ ಹೀಗೇ ಹೋದವು. ಕೆಟ್ಟ ಸಿನಿಮಾದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಮಾನ್‌ಸ್ಟರೇ ಅಲ್ವಾ? ಅದನ್ನೇ ಹುಡುಕಿಕೊಂಡು ಹೋದರೆ ಇನ್ನೇನು ಸಿಗುತ್ತದೆ!

ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ನೋಡಿದೆ. ನಗು ಬಂದ ಕಡೆಯೆಲ್ಲ ಟೈಮ್ ಬರೆದುಕೊಂಡೆ. 1997ರ ‘ಅನಕೊಂಡ’ದಲ್ಲಿ ದೋಣಿ ಹಿಂದಕ್ಕೆ ಹೋಗುವಂತೆ ಕಾಣಲಿ ಅಂತ ಶಾಟನ್ನು ಉಲ್ಟಾ ಓಡಿಸಿದ್ದಾರೆ. ಹಿಂದಿನ ಜಲಪಾತದ ನೀರು ಮೇಲಕ್ಕೆ ಹತ್ತುತ್ತದೆ. ಬಿದ್ದು ಬಿದ್ದು ನಕ್ಕೆವು. ಆದರೆ ಅದು ಎಡವಟ್ಟು, ಯಾರ ಜಾಣತನವೂ ಅಲ್ಲ. ಒಂದು ನೋಟ್‌ಬುಕ್ ತುಂಬಾ ಇಂಥ ಎಡವಟ್ಟುಗಳೇ ತುಂಬಿದವು.

ದುಡ್ಡಿನ ವಿಷಯ ಹೇಳೋಕೇ ನಾಚಿಕೆ. ಐವತ್ತು ಸಿನಿಮಾ ಒಟ್ಟಿಗೆ ಇರುವ ಡಿಸ್ಕ್ ಪೆಟ್ಟಿಗೆಗಳನ್ನು ತೆಗೆದುಕೊಂಡೆ. ಒಂದೇ ಸಿನಿಮಾ ಮೂರು ಪೆಟ್ಟಿಗೆಯಲ್ಲಿ ಬಂತು, ಮೂರರಲ್ಲೂ ಪ್ರಿಂಟ್ ಒಂದೇ ಥರ ಮಂಕು. ತಪ್ಪು ಪರದೆಯದ್ದಿರಬೇಕು ಅಂದುಕೊಂಡು ಕಂತಿನಲ್ಲಿ ಪ್ರೊಜೆಕ್ಟರ್ ತಂದೆ. ಹೆಚ್ಚುಕಮ್ಮಿ ಎರಡು ತಿಂಗಳ ಸಂಬಳದಷ್ಟು. ಗೋಡೆ ತುಂಬಾ ಸಿನಿಮಾ ಬಿದ್ದಾಗ ಮೊದಲು ಕಂಡದ್ದು ಬೊಂಬೆ ಎಳೆಯುವ ತಂತಿ. ಕಂತು ಮುಗಿಯುವ ಮೊದಲೇ ಅರ್ಧ ಬೆಲೆಗೆ ಮಾರಿದೆ. ಈಗ ನೋಡುವುದೆಲ್ಲ ಹಳೇ ಲ್ಯಾಪ್‌ಟಾಪಿನಲ್ಲಿ. ಈ ಕೆಲಸಕ್ಕೆ ಅದೇ ಸರಿ.

ದಾರಿ ಸಿಕ್ಕಿದ್ದು ತಲೆನೋವಿನಿಂದ. ರೋಜರ್ ಕಾರ್ಮನ್ ನಿರ್ದೇಶಿಸಿದ ‘ಅಟ್ಯಾಕ್ ಆಫ್ ದಿ ಕ್ರ್ಯಾಬ್ ಮಾನ್‌ಸ್ಟರ್ಸ್’ (1957) ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದೆ. ಅದರ ಏಡಿ ನಿಮಗೆ ಗೊತ್ತೇ ಇದೆ, ದೊಡ್ಡ ಪೊಳ್ಳು ಬೊಂಬೆ. ಆದರೆ ಆ ಏಡಿಗಳು ಯಾರನ್ನು ತಿಂದವೋ ಅವರ ಬುದ್ಧಿ ಅವಕ್ಕೆ ಬರುತ್ತದೆ. ಸತ್ತವರ ಧ್ವನಿಯಲ್ಲೇ ಉಳಿದವರನ್ನು ಕರೆಯುತ್ತವೆ. ಆ ಧ್ವನಿಯಲ್ಲಿ ಗರ್ಜನೆ ಇಲ್ಲ, ಸಿಟ್ಟಿಲ್ಲ. ಪರಿಚಯದವರು ಬಾಗಿಲಾಚೆ ನಿಂತು ಮಾತಾಡಿದ ಹಾಗೆ. ಕಣ್ಣು ಮುಚ್ಚಿದ್ದಕ್ಕೆ ಮೈ ಜುಮ್ಮೆಂದಿತು. ಎದ್ದು ಅದೇ ಸೀನನ್ನು ಕಣ್ಣು ಬಿಟ್ಟು ನೋಡಿದೆ, ನಗು ಬಂತು. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ಜುಮ್ಮೆಂದಿತು.

ಅವತ್ತಿನಿಂದ ಪ್ರತಿ ಸಿನಿಮಾವನ್ನೂ ಮೂರು ಸಲ ನೋಡುತ್ತೇನೆ. ಒಂದು ಸಲ ಬರೀ ಶಬ್ದ. ಒಂದು ಸಲ ಬರೀ ಚಿತ್ರ. ಮೂರನೇ ಸಲ ಕೈಯಲ್ಲಿ ರಟ್ಟು.

ಬರೀ ಶಬ್ದದ ಸುತ್ತಿನಲ್ಲಿ ಗೆದ್ದದ್ದು ‘ರೋಬೋಟ್ ಮಾನ್‌ಸ್ಟರ್’ (1953). ಸುಮಾರು 16,000 ಡಾಲರಿನಲ್ಲಿ, ನಾಲ್ಕೇ ದಿನದಲ್ಲಿ ತೆಗೆದದ್ದು ಅಂತಾರೆ. ಗೊರಿಲ್ಲಾ ವೇಷದ ಮೇಲೆ ಒಂದು ಹೆಲ್ಮೆಟ್, ಅದೇ ಮಾನ್‌ಸ್ಟರ್. ಸಂಗೀತ ಮಾತ್ರ ಎಲ್ಮರ್ ಬರ್ನ್‌ಸ್ಟೀನ್ ಅವರದ್ದು. ಎಡಪಂಥೀಯ ಅನ್ನೋ ಅನುಮಾನದಿಂದ ದೊಡ್ಡ ಸಿನಿಮಾಗಳು ಸಿಗದೆ ಇಂಥವನ್ನು ಒಪ್ಪಿಕೊಳ್ಳುತ್ತಿದ್ದ ಕಾಲ. ಮುಂದೆ ಆಸ್ಕರ್ ಗೆದ್ದರು. ಪರದೆಗೆ ಟವೆಲ್ ಹೊದಿಸಿ ಕೇಳಿ, ಒಂದು ಭರ್ಜರಿ ಸಿನಿಮಾವೇ ಓಡುತ್ತಿದೆ ಅನಿಸುತ್ತದೆ.

ಇನ್ನು ರಟ್ಟು. ನನ್ನನ್ನು ಹೆಚ್ಚು ಗೇಲಿ ಮಾಡಿದ್ದು ಇದಕ್ಕೇ. ಅಂಗೈಯಷ್ಟು ಒಂದು ಕಪ್ಪು ತುಂಡು. ಮಾನ್‌ಸ್ಟರ್ ಬಂದ ಕೂಡಲೇ ಅದರ ಮೇಲೆ ಹಿಡಿಯೋದು, ಪಕ್ಕದ ಮುಖಗಳನ್ನು ನೋಡೋದು. ‘ಜೈಂಟ್ ಕ್ಲಾ’ ಹಕ್ಕಿಗೆ ಉಬ್ಬಿದ ಕಣ್ಣು, ಕೆದರಿದ ಜುಟ್ಟು, ಉದ್ದ ಕತ್ತು. ನಾಟಕದ ಕೋಳಿಯೇ ಸೈ. ಆದರೆ ಚಿತ್ರೀಕರಣದ ಹೊತ್ತಿಗೆ ನಟರು ಆ ಹಕ್ಕಿಯನ್ನು ನೋಡಿಯೇ ಇರಲಿಲ್ಲ. ನಾಯಕ ಜೆಫ್ ಮಾರೋಗೆ ಅದು ಕಂಡದ್ದು ಥಿಯೇಟರಿನಲ್ಲಿ. ಹಾಗಾಗಿ ಅವರ ಮುಖದ ಭಯದಲ್ಲಿ ಮೋಸ ಇಲ್ಲ. ಮನಸ್ಸಿನಲ್ಲಿ ಬೇರೇನೋ ಭಯಂಕರವಾದದ್ದನ್ನು ಇಟ್ಟುಕೊಂಡೇ ನಟಿಸಿದ್ದಾರೆ. ರಟ್ಟು ಹಿಡಿದರೆ ಅದು ನಮಗೂ ಕಾಣುತ್ತದೆ.

ಗೆಳೆಯ ಕೇಳಿದ ನಕ್ಷೆ ಸೀನಿಗೆ ರಟ್ಟೂ ಬೇಡ. ಮಾರೋ ವಿಮಾನದಲ್ಲಿ ಕೂತು, ದಾಳಿ ನಡೆದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ಒಂದಕ್ಕೊಂದು ಗೆರೆ ಎಳೆಯುತ್ತಾನೆ. ಗೆರೆ ಸುರುಳಿಯಾಗುತ್ತಾ ಹೋಗುತ್ತದೆ. ಅಷ್ಟೇ. ಒಂದು ಕಾಗದ, ಒಂದು ಪೆನ್ನು. ಖರ್ಚೇ ಇಲ್ಲದ ಶಾಟು, ಇಡೀ ಸಿನಿಮಾದಲ್ಲಿ ಹೆದರಿಸುವುದು ಅದೊಂದೇ.

ಇದರಿಂದ ಒಂದು ಅಂದಾಜು ಸಿಕ್ಕಿತು. ದುಡ್ಡು ಮುಗಿದಿರಬಹುದಾದ ಜಾಗವನ್ನು ಹುಡುಕಬೇಕು. ‘ದಿ ಕಿಲ್ಲರ್ ಶ್ರೂಸ್’ನಲ್ಲಿ (1959) ದೈತ್ಯ ಮೂಗಿಲಿಗಳು ಅಂತ ವೇಷ ಹಾಕಿದ ನಾಯಿಗಳನ್ನು ಓಡಿಸಿದ್ದಾರೆ. ಕೊನೆಗೆ ದ್ವೀಪದಿಂದ ಪಾರಾಗಬೇಕು. ಬಾಂಬು, ವಿಮಾನ ಯಾವುದೂ ಇಲ್ಲ. ಬದುಕುಳಿದವರು ಖಾಲಿ ಡ್ರಮ್‌ಗಳನ್ನು ಜೋಡಿಸಿ ಮಗುಚಿ, ಒಳಗೆ ಬಗ್ಗಿ ಕೂತು, ಡ್ರಮ್ ಸಮೇತ ಕುಕ್ಕರುಗಾಲಲ್ಲಿ ಸಮುದ್ರದ ಕಡೆಗೆ ನಡೆಯುತ್ತಾರೆ. ಸುತ್ತಲೂ ಮೂತಿ ತೂರಿಸುವ ನಾಯಿಗಳು. ನಗಬೇಕಾದ ದೃಶ್ಯ, ನನಗೆ ಉಸಿರು ಕಟ್ಟಿತು. ದುಡ್ಡಿದ್ದಿದ್ದರೆ ಹೆಲಿಕಾಪ್ಟರ್ ಬರುತ್ತಿತ್ತು, ಬೋರ್ ಹೊಡೆಸುತ್ತಿತ್ತು. 1976ರ ‘ಕಿಂಗ್ ಕಾಂಗ್’ಗೆ ಸುಮಾರು 17 ಲಕ್ಷ ಡಾಲರ್ ಸುರಿದು 40 ಅಡಿಯ ಯಂತ್ರದ ಕಾಂಗ್ ಕಟ್ಟಿದರು. ಅದು ಪರದೆ ಮೇಲೆ ಇರುವುದು ಕೆಲವೇ ಸೆಕೆಂಡು. ಹೆಚ್ಚಿನ ಕೆಲಸ ಮಾಡಿದ್ದು ವೇಷ ತೊಟ್ಟ ರಿಕ್ ಬೇಕರ್. ನೆನಪಿರುವುದೂ ಆ ಮುಖವಾಡದ ಹಿಂದಿನ ಕಣ್ಣುಗಳೇ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಬಣ್ಣದ ಸಿನಿಮಾಗಳ ಬಣ್ಣ ತೆಗೆದು ನೋಡಿದೆ. ರಬ್ಬರ್ ಚರ್ಮ ಸ್ವಲ್ಪ ಚರ್ಮದ ಹಾಗೆ ಕಂಡಿತು, ಉಳಿದದ್ದೆಲ್ಲ ಸತ್ತುಹೋಯಿತು. ಅರ್ಧ ವೇಗದಲ್ಲಿ ಓಡಿಸಿದೆ. ಅದರಿಂದ ಬಂದದ್ದು ನಿದ್ದೆ. ನನಗೆ ಒಂದಕ್ಷರವೂ ತಿಳಿಯದ ಭಾಷೆಯ ಡಬ್ಬಿಂಗ್ ಹಾಕಿದ್ದು ಮಾತ್ರ ಕೆಲಸಕ್ಕೆ ಬಂತು, ಯಾಕೆಂದರೆ ಕೆಟ್ಟ ಸಂಭಾಷಣೆ ಅರ್ಥವೇ ಆಗಲ್ಲ.

ಇಲ್ಲಿಯವರೆಗೆ ನೂರಾ ನಲವತ್ತರ ಹತ್ತಿರ ಸಿನಿಮಾ ಆಗಿರಬೇಕು. ಮೂವತ್ತು ಚಿಲ್ಲರೆಯಲ್ಲಿ ಎಷ್ಟು ಜಾಲಾಡಿದರೂ ಏನೂ ಸಿಗಲಿಲ್ಲ. ಉಳಿದವುಗಳಲ್ಲಿ ಸರಾಸರಿ ನಲವತ್ತು ಸೆಕೆಂಡು ಒಳ್ಳೆಯದು ಇದ್ದೀತು. ಮೊದಲ ಸುತ್ತನ್ನು ಯಾವ ನಿಮಿಷದಿಂದ ಶುರು ಮಾಡಿದರೆ ಅರ್ಧ ಸಮಯ ಉಳಿಯುತ್ತದೆ ಅನ್ನೋದನ್ನು ಹೇಳಲ್ಲ, ಅದಕ್ಕೆ ಎರಡು ವರ್ಷ ಸುರಿದಿದ್ದೇನೆ. ರಟ್ಟಿನ ಒಂದು ಮೂಲೆಯನ್ನು ನಾನು ಕತ್ತರಿಸಿದ್ದೇನೆ. ಯಾಕೆ ಅಂತ ನೀವೇ ಕಂಡುಕೊಳ್ಳಿ.

ಸದ್ಯ 1972ರ ‘ನೈಟ್ ಆಫ್ ದಿ ಲೀಪಸ್’ ಮೇಲೆ ಕೂತಿದ್ದೇನೆ. ಪುಟಾಣಿ ಸೆಟ್‌ಗಳ ಮೇಲೆ ಸಾಕಿದ ಮೊಲಗಳನ್ನು ಓಡಿಸಿ ದೈತ್ಯ ಅನ್ನಿಸಿದ್ದಾರೆ. ಶಬ್ದದ ಸುತ್ತು ಮುಗಿದಿದೆ, ಎರಡು ಕಡೆ ಗುರುತು ಹಾಕಿದ್ದೇನೆ. ರಟ್ಟು ಮಾತ್ರ ಸಾಲುತ್ತಿಲ್ಲ. ಎಲ್ಲಿ ಹಿಡಿದರೂ ಇನ್ನೊಂದು ಪಕ್ಕದಿಂದ ಮೊಲದ ಕಿವಿ ಕಾಣುತ್ತದೆ.