ಕ್ಯಾಮೆರಾ ಕೊಳ್ಳುವಾಗ ಆರ್ ನಂಬರ್ ನೋಡಿ, ಕೂರಿಸುವಾಗ ಪಾಸ್‌ವರ್ಡ್ ನೀವೇ ಹಾಕಿ

ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ, ಅಂಗಡಿಗಳಿಗೆ ಸಿಸಿಟಿವಿ ಕೂರಿಸುವುದು ನನ್ನ ಕೆಲಸ. ಹೋದ ಸುಗ್ಗಿಯಲ್ಲಿ ಒಂದು ಮಿಲ್‌ಗೆ ರಿಪೇರಿಗೆ ಹೋಗಿದ್ದೆ. ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ, ಅಂದರೆ ಡಿವಿಆರ್‌ನ ಪಾಸ್‌ವರ್ಡ್ ಕೇಳಿದೆ. "ಕೂರಿಸಿದವರು ಹೇಳೇ ಇಲ್ಲಪ್ಪಾ" ಅಂದರು ಸಾಹುಕಾರರು. 'ಅಡ್ಮಿನ್', '12345' ಅಂತ ಸುಮ್ನೆ ಒತ್ತಿ ನೋಡಿದೆ. ತೆರೆದುಕೊಂಡಿತು! ಭತ್ತದ ಲಾರಿ ತೂಗುವ ಜಾಗ, ಹಣ ಎಣಿಸುವ ಮೇಜು, ಎಲ್ಲ ಕಂಡಿತು. ರೂಟರ್‌ನಲ್ಲಿ ಪೋರ್ಟ್ (ಹೊರಗಿನ ನೆಟ್‌ನಿಂದ ಒಳಗೆ ಬರುವ ಬಾಗಿಲು) ಬೇರೆ ತೆರೆದಿಟ್ಟಿದ್ದರು.

2016ರಲ್ಲಿ ಮಿರೈ ಎಂಬ ವೈರಸ್ ಹೀಗೇ ಹರಡಿತು. ಕಂಪನಿಯವರು ಹಾಕಿಟ್ಟ 60ರಷ್ಟು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಒತ್ತಿ ನೋಡುವುದೇ ಅದರ ಕೆಲಸ. ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್ ಅದರ ಕೈಗೆ ಸಿಕ್ಕವು. ಆ ಅಕ್ಟೋಬರ್‌ನಲ್ಲಿ ಅವುಗಳಿಂದಲೇ ದಾಳಿ ಮಾಡಿಸಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೊಂದರೆಗೆ ಸಿಕ್ಕವು. ಕ್ಯಾಮೆರಾ ಇದ್ದವರಿಗೆ ಮಾತ್ರ ನಷ್ಟವೇ ಕಾಣಲಿಲ್ಲ. ಕೊಂಡವರು ಕೇಳದಿದ್ದರೆ ಮಾಡುವವರು ಯಾಕೆ ಖರ್ಚು ಮಾಡುತ್ತಾರೆ? ಅದಕ್ಕೇ ಕಾನೂನು ಬೇಕು ಅನ್ನುತ್ತೇನೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಇಂಥ ಸುಲಭದ ಪಾಸ್‌ವರ್ಡ್ ನಿಷೇಧಿಸಿದೆ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಆದರೆ ಗೋಡೆ ಮೇಲಿರುವ ಹಳೇ ಕ್ಯಾಮೆರಾಗೆ ಈ ನಿಯಮ ತಾಗುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಹೊಸದು ಕೊಳ್ಳುವಾಗ ಡಬ್ಬಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 'ಆರ್' ಎಂದು ಶುರುವಾಗುವ ನಂಬರ್ ಹುಡುಕಿ. ಬಿಐಎಸ್ ಕೇರ್ ಆಪ್‌ನಲ್ಲಿ ಆ ನಂಬರ್ ಹಾಕಿ. ಡಬ್ಬಿ ಮೇಲಿನ ಕಂಪನಿ ಹೆಸರೇ ಬರಬೇಕು. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಅಂಗಡಿಯವರು ಬೇಜಾರಾದರೂ ಬಿಡಬೇಡಿ.

ಕೂರಿಸುವ ದಿನ ಪಾಸ್‌ವರ್ಡ್ ನೀವೇ ಒತ್ತಿ. ನನ್ನಂಥವರನ್ನು ಆಚೆ ನಿಲ್ಲಿಸಿ, ನಮಗೇನೂ ಬೇಸರವಿಲ್ಲ. ಪಾಸ್‌ವರ್ಡ್ ಆಗಿ ಮಿಲ್ ಹೆಸರು, ಫೋನ್ ನಂಬರ್ ಬೇಡ. ರೂಟರ್‌ನ ಪಾಸ್‌ವರ್ಡೂ ಬದಲಿಸಿ. ಪೋರ್ಟ್ ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್, ಕೇಳದೇ ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಎರಡನ್ನೂ ಬಂದ್ ಮಾಡಿಸಿ.

ಹಳೇ ಡಿವಿಆರ್ ಇದ್ದವರು ಕೆಲಸದ ಕ್ರಮ ತಪ್ಪಿಸಬೇಡಿ. ಮಿರೈನಂಥದ್ದು ಯಂತ್ರದ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಕರೆಂಟ್ ತೆಗೆದರೆ ಹೋಗುತ್ತದೆ. ಹಳೇ ಪಾಸ್‌ವರ್ಡೇ ಇದ್ದರೆ ನಿಮಿಷಗಳಲ್ಲೇ ವಾಪಸ್ ಬರಬಹುದು. ಹಾಗಾಗಿ ಮೊದಲು ನೆಟ್ ಕೇಬಲ್ ಕೀಳಿ. ಆಮೇಲೆ ಕರೆಂಟ್ ತೆಗೆದು ಮತ್ತೆ ಕೊಟ್ಟು, ಪಾಸ್‌ವರ್ಡ್ ಬದಲಿಸಿ. ಕಂಪನಿಯ ಸೈಟ್‌ನಿಂದ ಅಪ್‌ಡೇಟನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹಾಕಿ. ಇಷ್ಟೆಲ್ಲ ಆದ ಮೇಲೆಯೇ ಕೇಬಲ್ ಸಿಕ್ಕಿಸಿ. ಅಪ್‌ಡೇಟ್ ಬರುವುದೇ ನಿಂತಿದ್ದರೆ ಕೇಬಲ್ ಸಿಕ್ಕಿಸಲೇಬೇಡಿ. ರೆಕಾರ್ಡಿಂಗ್ ನೆಟ್ ಇಲ್ಲದೆಯೂ ಆಗುತ್ತದೆ.