ರಕ್ತದಾನ ಶಿಬಿರ ಮತ್ತು ರೋಟರಿಯ ಐದು ಸೇವೆಗಳು

ಊರೂರಲ್ಲಿ ಕ್ಲಬ್ ಕಟ್ಟಿಕೊಂಡು ಸೇವೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ರೋಟರಿಯಲ್ಲಿ ಸೇವೆಗೆ ಐದು ದಾರಿ: ಕ್ಲಬ್ ಸೇವೆ, ವೃತ್ತಿ ಸೇವೆ, ಸಮುದಾಯ ಸೇವೆ, ಅಂತರರಾಷ್ಟ್ರೀಯ ಸೇವೆ, ಮತ್ತು 2010ರಲ್ಲಿ ಸೇರಿದ ಯುವಜನ ಸೇವೆ. ಪೇಪರಿನಲ್ಲಿ ಫೋಟೊ ಬರುವುದು ಹೆಚ್ಚಾಗಿ ಸಮುದಾಯ ಸೇವೆಗೆ. ಅದು ಕೆಡುವುದು ಮಾತ್ರ ಕ್ಲಬ್ ಸೇವೆ ಸಡಿಲಾದಾಗ, ಅಂದರೆ ಯಾವ ಕೆಲಸ ಯಾರದ್ದು ಎಂದು ಹಂಚಿಕೊಳ್ಳದಿದ್ದಾಗ.

ರಕ್ತದಾನ ಶಿಬಿರವನ್ನೇ ನೋಡಿ. ನಾವು ಮೊದಲು ದಿನಾಂಕ ಗೊತ್ತು ಮಾಡುವುದಿಲ್ಲ. ಯಾವ ತಿಂಗಳು, ಎಷ್ಟು ಯೂನಿಟ್ ಬೇಕೆಂದು ಬ್ಲಡ್ ಬ್ಯಾಂಕಿನವರನ್ನೇ ಕೇಳುತ್ತೇವೆ. ಊರಿನ ಸಂಘಗಳೆಲ್ಲ ಗಾಂಧಿ ಜಯಂತಿಗೇ ಶಿಬಿರ ಇಟ್ಟರೆ ಏನುಪಯೋಗ? ಕೆಂಪು ಕಣಗಳನ್ನು 35ರಿಂದ 42 ದಿನ ಇಡಬಹುದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಐದೇ ದಿನ. ಕಾಲೇಜಿಗೆ ರಜೆ ಬಿದ್ದಾಗ ದಾನಿಗಳು ಸಿಗುವುದು ಕಷ್ಟ, ಶಿಬಿರ ಬೇಕಾಗುವುದು ಆಗ.

ಒಬ್ಬರಿಗೆ ಹದಿನೈದು ನಿಮಿಷ ಹಿಡಿದರೆ ನಾಲ್ಕು ಮಂಚದಲ್ಲಿ ಗಂಟೆಗೆ ಹದಿನಾರು ಜನ. ಸಾಲು ಕಟ್ಟಿಕೊಳ್ಳುವುದು ಮಂಚದ ಹತ್ತಿರವಲ್ಲ, ಫಾರಂ ತುಂಬಿಸುವ ಮೇಜಿನಲ್ಲಿ. ಅಲ್ಲಿ ಮೂವರಾದರೂ ಬೇಕು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 (ಗ್ರಾಂ/ಡೆ.ಲೀ.). ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಇದನ್ನೆಲ್ಲ ಕರಪತ್ರದಲ್ಲೇ ಅಚ್ಚು ಹಾಕಿಸಿದರೆ, ಬಂದವರನ್ನು ವಾಪಸ್ ಕಳಿಸುವ ಮುಜುಗರ ಕಡಿಮೆ.

ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ತಿಂಡಿ. ಬರೀ ಕಾಫಿ ಸಾಲದು. ಮಲಗಿದ್ದಾಗ ಚೆನ್ನಾಗಿಯೇ ಇದ್ದವರು ಎದ್ದು ನಾಲ್ಕು ಹೆಜ್ಜೆ ನಡೆದು, ಜ್ಯೂಸಿನ ಮೇಜಿನ ಹತ್ತಿರ ಬೆವೆತು ಕುಸಿಯುವುದುಂಟು. ಅದಕ್ಕೇ ಅಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ, ಮುಖ ನೋಡುತ್ತಿರಲು ಒಬ್ಬರನ್ನು ನಿಲ್ಲಿಸಿ. ತಲೆ ಸುತ್ತಿದರೆ ನೆಲದ ಮೇಲೆ ಅಂಗಾತ ಮಲಗಿಸಿ, ಕಾಲು ಎತ್ತರಿಸಿ, ಡಾಕ್ಟರನ್ನು ಕರೆಯಿರಿ.

ವೃತ್ತಿ ಸೇವೆಯೆಂದರೆ ತನ್ನ ಕಸುಬನ್ನೇ ಕೊಡುವುದು: ಆಡಿಟರ್ ಆದವರು ಸ್ವಸಹಾಯ ಸಂಘದ ಹೆಂಗಸರಿಗೆ ಲೆಕ್ಕ ಬರೆಯಲು ಕಲಿಸುವ ಹಾಗೆ. ಅಂತರರಾಷ್ಟ್ರೀಯ ಸೇವೆಯಲ್ಲಿ ಗ್ಲೋಬಲ್ ಗ್ರಾಂಟ್ (ದೊಡ್ಡ ಯೋಜನೆಗೆ ರೋಟರಿ ಫೌಂಡೇಶನ್ ಕೊಡುವ ಅನುದಾನ) ಬೇಕೆಂದರೆ ಕನಿಷ್ಠ 30,000 ಡಾಲರಿನ ಯೋಜನೆ, ಜೊತೆಗೆ ಹೊರದೇಶದ ಕ್ಲಬ್ಬೊಂದರ ಪಾಲುದಾರಿಕೆ. ಒಂದು ಶಾಲೆಗೆ ಆರ್‌ಒ (ಕುಡಿಯುವ ನೀರು ಶುದ್ಧ ಮಾಡುವ ಯಂತ್ರ) ಕೂರಿಸುವಂಥ ಸಣ್ಣ ಕೆಲಸಕ್ಕೆ ರೋಟರಿ ಡಿಸ್ಟ್ರಿಕ್ಟ್ ಮೂಲಕ ಸಿಗುವ ಡಿಸ್ಟ್ರಿಕ್ಟ್ ಗ್ರಾಂಟೇ ವಾಸಿ. ಫಿಲ್ಟರ್ ಬದಲಿಸುವ ಖರ್ಚು ಯಾರದ್ದೆಂದು ಮಾತ್ರ ಮೊದಲೇ ಬರೆಸಿಕೊಳ್ಳಿ.

ಇನ್ನು ಯುವಜನ ಸೇವೆಗೆ ಸೇರಿದ ಇಂಟರಾಕ್ಟ್ (ರೋಟರಿ ನಡೆಸುವ ಮಕ್ಕಳ ಕ್ಲಬ್) ಮಕ್ಕಳು, 12ರಿಂದ 18ರವರು. ಶಿಬಿರದಲ್ಲಿ ಅವರನ್ನು ಫಾರಂ ಮೇಜಿಗೆ ಕೂರಿಸಬೇಡಿ. ದಾನಿಗಳು ಗುಟ್ಟಾಗಿಡಬೇಕಾದ ಕಾಯಿಲೆಯ ಪ್ರಶ್ನೆಗಳಿಗೆ ಉತ್ತರಿಸುವ ಜಾಗ ಅದು. ಪಕ್ಕದಲ್ಲಿ ಹುಡುಗರಿದ್ದರೆ ಸುಳ್ಳು ಹೇಳಿಬಿಡುತ್ತಾರೆ. ಜ್ಯೂಸಿನ ಮೇಜು ಕೊಡಿ.