ಏಳು ನಿಮಿಷ ಮೈಕ್ ಮುಂದೆ: ಸಭೆಯ ಮಾತಿಗೆ ತಯಾರಿ ಹೀಗಿರಲಿ

ಮಾಟುಂಗದ ಮೈಸೂರು ಅಸೋಸಿಯೇಷನ್ ಸಭೆ ಇರಲಿ, ಡೊಂಬಿವಲಿಯ ನಿಮ್ಮ ಬಿಲ್ಡಿಂಗ್‌ನ ಗಣೇಶೋತ್ಸವ ಇರಲಿ, ಅಂಧೇರಿಯ ಆಫೀಸಿನ ಮೀಟಿಂಗ್ ಇರಲಿ, "ನೀವೂ ಎರಡು ಮಾತಾಡಿ" ಅಂತ ಒಂದು ದಿನ ಮೈಕ್ ಕೈಗೆ ಬಂದೇ ಬರುತ್ತದೆ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವವರೂ ಆಗ ತಡವರಿಸುತ್ತಾರೆ. ಭಾಷೆ ಅವರಿಗೆ ಚೆನ್ನಾಗಿಯೇ ಬರುತ್ತದೆ. ತಯಾರಿಯನ್ನು ಪೆನ್ನಿನಲ್ಲಿ ಮಾಡಿರುತ್ತಾರೆ, ಬಾಯಲ್ಲಿ ಮಾಡಿರುವುದಿಲ್ಲ, ಅಷ್ಟೇ.

ಮೊದಲು ಒಂದು ವಾಕ್ಯ ಹುಡುಕಿ. ಸಭೆ ಮುಗಿದು ಊಟಕ್ಕೆ ಏಳುವಾಗ ಜನರ ತಲೆಯಲ್ಲಿ ಏನು ಉಳಿಯಬೇಕು? ಮುಂಬೈಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಮಾತಾಡಬೇಕು ಅಂದುಕೊಳ್ಳಿ. "ರಾತ್ರಿಶಾಲೆಗಳ ಕೊಡುಗೆ ಅಪಾರ" ಅಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. "ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಇಲ್ಲಿ ಕೂತು ಮೆಟ್ರಿಕ್ ಪಾಸಾದರು" ಅನ್ನಿ. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ಉಳಿದ ಮಾತೆಲ್ಲ ಆ ಒಂದು ವಾಕ್ಯಕ್ಕೆ ಬಲ ಕೊಡಬೇಕು. ಕೊಡದಿದ್ದರೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಆಮೇಲೆ ಬಾಯಿಗೆ ಕೆಲಸ ಕೊಡಿ. ಪೂರ್ತಿ ಭಾಷಣ ಬರೆಯಲು ಕೂರಬೇಡಿ. ಬರೆದರೆ ಕನ್ನಡ ತಾನಾಗಿ ಗಟ್ಟಿಯಾಗುತ್ತದೆ, ನೀವು ಯಾವತ್ತೂ ಆಡದ ಪದಗಳು ಬಂದು ಸೇರುತ್ತವೆ. ಬಾಗಿಲು ಹಾಕಿಕೊಂಡು, ಎದ್ದು ನಿಂತು, ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಮಾತಾಡಿ. ಮರುದಿನ ಲೋಕಲ್‌ನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ. ಡೊಂಬಿವಲಿಯಿಂದ ದಾದರ್ ಮುಟ್ಟುವಷ್ಟರಲ್ಲಿ ಏಳು ನಿಮಿಷದ ಮಾತನ್ನು ಮೂರ್ನಾಲ್ಕು ಸಲ ಕೇಳಬಹುದು. ಎಲ್ಲಿ ಓಡಿದ್ದೀರಿ, ಎಲ್ಲಿ "ಏನಂದ್ರೆ", "ಆಕ್ಚುವಲಿ" ಜಾಸ್ತಿಯಾಗಿದೆ ಅಂತ ನಿಮ್ಮ ಕಿವಿಯೇ ಹೇಳುತ್ತದೆ. ಆ ಪದಗಳ ಜಾಗದಲ್ಲಿ ಸುಮ್ನೆ ಒಂದು ಕ್ಷಣ ನಿಲ್ಲಿ. ನಿಮಗೆ ಉದ್ದ ಅನಿಸುವ ಆ ಮೌನ ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಇಂಥ ಪದಗಳನ್ನು ಎಣಿಸಲೆಂದೇ ಒಬ್ಬರನ್ನು ಕೂರಿಸುತ್ತಾರೆ. ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದನೇ ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ. ಮುಂಬೈ, ಪುಣೆಯಲ್ಲೂ ಈ ಕ್ಲಬ್‌ಗಳಿವೆ. ಮನೆಯಲ್ಲಾದರೆ ಈ ಎರಡೂ ಕೆಲಸ ಮಕ್ಕಳಿಗೆ ಕೊಡಿ, ಒಂದನ್ನೂ ಬಿಡದೆ ಎಣಿಸುತ್ತಾರೆ.

ನಮ್ಮಲ್ಲೇ ಇನ್ನೊಂದು ಒಳ್ಳೆಯ ಪಾಠಶಾಲೆ ಇದೆ, ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದಾಗ ಹೋಗಿ ಕೂತು ಕೇಳಿ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿಯುತ್ತಲೇ ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನೆ. ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರಲ್ಲೇ ಒಂದು ಎಳೆ ಹಿಡಿದು ಉತ್ತರ ಶುರುಮಾಡುತ್ತಾನೆ. ಆಫೀಸಿನ ಪ್ರೆಸೆಂಟೇಷನ್ ಮುಗಿದ ಮೇಲೆ ಪ್ರಶ್ನೆಗಳು ಬರುತ್ತವಲ್ಲ, ಆಗ ಬೇಕಾದ್ದು ಇದೇ ವಿದ್ಯೆ.

ಕೈಯಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಐದಾರು ಪದ ಸಾಕು, ದೊಡ್ಡ ಅಕ್ಷರದಲ್ಲಿ. ಇಲ್ಲೇ ಹುಟ್ಟಿ ಬೆಳೆದು ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮಕ್ಕಳು ದೇವನಾಗರಿಯಲ್ಲಿ ಬರೆದುಕೊಳ್ಳಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಮಕ್ಕಳು ವೇದಿಕೆ ಹತ್ತಿ ಕನ್ನಡ ಆಡುವುದು ದೊಡ್ಡ ವಿಷಯ, ಅಲ್ವಾ? ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ ಇರಲಿ. ಪೂರ್ತಿ ಉರು ಹೊಡೆದರೆ ಒಂದು ಪದ ತಪ್ಪಿದರೂ ಮುಂದಿನದ್ದೆಲ್ಲ ನಿಂತುಹೋಗುತ್ತದೆ.

ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು ಅಡ್ರಿನಲಿನ್ ಕೆಲಸ. ಅನುಭವಿಗಳಿಗೂ ಆಗುತ್ತದೆ. ಹೆಸರು ಕರೆಯುವ ಮೊದಲು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಬಡಿತ ಇಳಿಯುತ್ತದೆ.

ವೇದಿಕೆಯ ಮೇಲಿರುವ ಎಲ್ಲರ ಹೆಸರನ್ನೂ ಬಿರುದುಗಳ ಸಮೇತ ಹೇಳುತ್ತಾ ಹೋದರೆ ನಿಮ್ಮ ಏಳು ನಿಮಿಷದಲ್ಲಿ ಎರಡು ಅಲ್ಲಿಗೇ ಮುಗಿಯುತ್ತದೆ. ಅಧ್ಯಕ್ಷರಿಗೊಂದು, ಸಭೆಗೊಂದು ನಮಸ್ಕಾರ ಸಾಕು. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಮುಖ ತಿರುಗಿಸಿದಾಗ ಮೈಕೂ ಜೊತೆಗೆ ತಿರುಗಲಿ. ಸ್ಪೀಕರ್ ಎದುರು ಹೋಗಿ ನಿಲ್ಲಬೇಡಿ, ಕುಂಯ್ ಅನ್ನುತ್ತದೆ.

ಸ್ಲೈಡ್ ಇದ್ದರೆ ಒಂದು ಸ್ಲೈಡಿಗೆ ಒಂದೇ ವಿಷಯ. ಪವರ್‌ಪಾಯಿಂಟ್ ಓಡುತ್ತಿರುವಾಗ ಕೀಬೋರ್ಡಿನ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತದೆ. ಕನ್ನಡವನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಒಂದು ಪಿಡಿಎಫ್ ಕೂಡ ಇಟ್ಟುಕೊಳ್ಳಿ. ಅರ್ಧ ಗಂಟೆ ಮೊದಲೇ ಹೋಗಿ ಅಲ್ಲಿನ ಪರದೆಯಲ್ಲಿ ತೆರೆದು ನೋಡಿ. ಸಭೆ ಭಾನುವಾರವಾದರೆ, ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಯಾವ ಲೈನಿನಲ್ಲಿದೆ ಅಂತ ಹಿಂದಿನ ದಿನವೇ ವಿಚಾರಿಸಿಕೊಂಡು ಹೊರಡಿ.